ಕಸ್ತೂರೆವ್ವನ ಖಾನಾವಳಿಯ ಬಿಪಿ ಮಷೀನು

ನಾನು ರಕ್ತದೊತ್ತಡ ಅಳೆಯುವ ಯಂತ್ರ. ಕಾರ್ಖಾನೆಯೊಂದರ ಉದ್ದನೆಯ ಮೇಜಿನ ಮೇಲೆ ಹುಟ್ಟಿದೆ. ಒಬ್ಬಾಕೆ ನನ್ನೊಳಗೆ ಪುಟ್ಟ ಪಂಪು ಕೂರಿಸಿದಳು, ಇನ್ನೊಬ್ಬಾಕೆ ರಬ್ಬರ್ ಕೊಳವೆ ಸಿಕ್ಕಿಸಿದಳು. ಮೂರನೆಯವಳು ನನ್ನ ನೀಲಿ ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡು ಗುಂಡಿ ಒತ್ತಿದಳು. ನಾನು ಅರಿತ ಮೊದಲ ಎದೆಬಡಿತ ಅವಳದು. ನಿಮಿಷಕ್ಕೆ ಎಪ್ಪತ್ತೆರಡು.

ಗದಗಿನ ಔಷಧಿ ಅಂಗಡಿಯಿಂದ ನನ್ನನ್ನು ಕೊಂಡವರು ಬ್ಯಾಂಕಿನ ಈರಣ್ಣ ಹೊಸಳ್ಳಿ. ಮೊದಲ ವಾರ ದಿನಕ್ಕೆ ಹತ್ತು ಸಲ ಕಟ್ಟಿಕೊಂಡರು. ಆಮೇಲೆ ಕಪಾಟಿಗೆ ಸೇರಿಸಿ ಮರೆತರು. ವರ್ಗವಾಗಿ ಹೋಗುವಾಗ, ತಾವು ದಿನಾ ಉಣ್ಣುತ್ತಿದ್ದ ಖಾನಾವಳಿಯ ಕಸ್ತೂರೆವ್ವನ ಕೈಗೆ ನನ್ನನ್ನಿಟ್ಟು, "ನಿಮಗೂ ಬಿಪಿ ಐತಲ್ಲ ಅಕ್ಕಾರ, ಇಟ್ಕೋರಿ" ಅಂದರು.

ಕಸ್ತೂರೆವ್ವನಿಗೆ ಐವತ್ತಾರು. ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನೀಲವ್ವ ರೊಟ್ಟಿ ಬಡಿದರೆ ಪಲ್ಯ, ಸಾರು ಕಸ್ತೂರೆವ್ವನ ಪಾಲು. ಎದೆಬಡಿತವನ್ನು ನಿಧಾನಗೊಳಿಸಿ ರಕ್ತದೊತ್ತಡ ಇಳಿಸುವ ಗುಳಿಗೆಯನ್ನು ಡಾಕ್ಟರು ಅವಳಿಗೆ ಬರೆದುಕೊಟ್ಟು ಎರಡು ವರ್ಷವಾಗಿತ್ತು. ಬೆಳಗಿನ ಒಗ್ಗರಣೆಗೆ ಮೊದಲು ಅವಳು ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂತು ನನ್ನನ್ನು ಕಟ್ಟಿಕೊಳ್ಳುತ್ತಿದ್ದಳು. ನಾನು ಮೂರು ಅಂಕಿ ತೋರಿಸುತ್ತೇನೆ: ಮೇಲಿನ ಒತ್ತಡ, ಕೆಳಗಿನ ಒತ್ತಡ, ನಾಡಿಬಡಿತ. ಮೂರನೆಯದನ್ನು ಅವಳು ಓದುತ್ತಲೇ ಇರಲಿಲ್ಲ.

ಒಂದು ತಿಂಗಳು ನನ್ನಲ್ಲಿ ಒತ್ತಡದ ಅಂಕಿಗಳು ಒಳ್ಳೆಯವೇ ಬಂದವು. ಅದೇ ಹೊತ್ತಿಗೆ ಅವಳಿಗೆ ಆಯಾಸ ಹೆಚ್ಚಾಗಿತ್ತು. ತಟ್ಟನೆ ಎದ್ದರೆ ತಲೆ ತಿರುಗುತ್ತಿತ್ತು.

"ಬಿಪಿ ಬರೋಬ್ಬರಿ ಆಗೇತಿ. ಈ ಸುಸ್ತು ಗುಳಿಗಿಂದಽ. ಇನ್ನ ಸಾಕು" ಅಂದಳು.

"ಡಾಕ್ಟರನ್ನ ಕೇಳಬೇ ಮೊದಲ" ಅಂದಳು ನೀಲವ್ವ.

"ಮಷೀನೇ ಹೇಳಾಕತ್ತೇತಿ, ಮತ್ಯಾಕ ಡಾಕ್ಟರು?"

ನನ್ನ ಮೇಲೆ ಇಷ್ಟು ಭಾರ ಬಿದ್ದದ್ದು ಅದೇ ಮೊದಲು. ಬೇಡ ಅನ್ನಲು ನನಗೆ ಬಾಯಿಲ್ಲ.

ಗುಳಿಗೆ ಬಿಟ್ಟ ನಾಲ್ಕನೆಯ ದಿನ ಮಧ್ಯಾಹ್ನ, ಊಟದ ಗದ್ದಲದ ನಡುವೆ, ಕಸ್ತೂರೆವ್ವ ಸೌಟು ಬಿಟ್ಟು ಎದೆ ಹಿಡಿದುಕೊಂಡು ಕೂತಳು. ಮೈಯೆಲ್ಲ ಬೆವರು. ನೀಲವ್ವ ನನ್ನನ್ನು ಕಟ್ಟಿದಳು. ಮೇಲಿನದು ನೂರಾ ತೊಂಬತ್ತೆರಡು. ನಾಡಿ ನೂರಾ ಮೂವತ್ತು. ಉಣ್ಣುತ್ತಿದ್ದ ಆಟೋದವನೊಬ್ಬ ಎಂಜಲು ಕೈಯಲ್ಲೇ ಎದ್ದು ಗಾಡಿ ತಂದ. ನೀಲವ್ವ ನನ್ನನ್ನು ಕಂಕುಳಲ್ಲಿ ಇರುಕಿಕೊಂಡೇ ಆಟೋ ಹತ್ತಿದಳು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಔಷಧ ಕೊಟ್ಟು, ಬಡಿತ ಹತೋಟಿಗೆ ಬಂದ ಮೇಲೆ, ಅವಳಿಗೆ ಆ ಗುಳಿಗೆ ಬರೆದುಕೊಟ್ಟಿದ್ದ ಡಾಕ್ಟರ್ ಶಹನಾಜ್ ಹಾಸಿಗೆಯ ಪಕ್ಕ ನಿಂತರು.

"ಗುಳಿಗಿ ಬಿಟ್ರೇನು?"

"ಮಷೀನ್ ಚಲೋ ತೋರಿಸ್ತಿತ್ರೀ, ಡಾಕ್ಟರ್ ಬಾಯಾರ."

"ಗುಳಿಗಿ ತಗೊಂಡಿದ್ದಕ್ಕಽ ಚಲೋ ತೋರಿಸಿದ್ದು ಅದು! ಇದು ಬಡಿತಕ್ಕ ಹಾಕಿದ ಲಗಾಮು. ಒಮ್ಮೆಲೇ ಬಿಟ್ರ ಕುದುರಿ ಓಡಬಾರದಂಗ ಓಡತೈತಿ. ಸುಸ್ತು ಆದ್ರ ನನಗ ಹೇಳ್ರಿ. ಪ್ರಮಾಣ ಇಳಿಸೂದಿದ್ರೂ, ಬಿಡಿಸೂದಿದ್ರೂ ನಾನು ಹಂತ ಹಂತವಾಗಿ ಮಾಡ್ತೀನಿ."

ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾಕ್ಟರು ಅವಳ ಗುಳಿಗೆಯ ಪ್ರಮಾಣ ಸ್ವಲ್ಪ ಇಳಿಸಿದರು. ನನ್ನ ಮೂರನೆಯ ಅಂಕಿಯ ಮೇಲೆ ಬೆರಳಿಟ್ಟು, "ಇದು ಭಾಳ ಇಳಿದ್ರೂ ಸುಸ್ತು ಆಗತೈತಿ, ತಲಿ ತಿರುಗತೈತಿ. ಐವತ್ತಕ್ಕಿಂತ ಕೆಳಗ ಬಂದ್ರ ಫೋನ್ ಮಾಡ್ರಿ" ಅಂದರು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದೆಂದೂ ಹೇಳಿದರು.

ಆಮೇಲೆ ಅವಳು ಮೂರೂ ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದಳು.

ಒಂದು ದಿನ ನೀಲವ್ವನಿಗೆ ತಲೆ ಸಿಡಿಯುತ್ತಿತ್ತು. ನಾನು ನೂರಾ ಅರವತ್ತೈದು ತೋರಿಸಿದೆ. "ನಿನ್ನ ಗುಳಿಗಿ ಒಂದ ಕೊಡಽ" ಎಂದು ಕೈಚಾಚಿದಳು. ಕಸ್ತೂರೆವ್ವ ಸ್ಟ್ರಿಪ್ಪಿನಿಂದ ಒಂದು ಗುಳಿಗೆ ಒತ್ತಿ ತೆಗೆದೇಬಿಟ್ಟಿದ್ದಳು. ಕೊಡುವಷ್ಟರಲ್ಲಿ ಕೈ ಹಿಂದೆಗೆದಳು. "ಬ್ಯಾಡ. ಡಾಕ್ಟರನ್ನ ಕೇಳಿಕೊಂಡಽ ಬರೂಣು, ಏಳು."

ಡಾಕ್ಟರು ಮೊದಲು ಕೇಳಿದ್ದೇ, "ದಮ್ಮು ಐತೇನು?" ನೀಲವ್ವನಿಗೆ ಚಿಕ್ಕಂದಿನಿಂದ ಉಬ್ಬಸವಿತ್ತು. "ಆ ಗುಳಿಗಿ ನುಂಗಿದ್ರ ನಿಮಗ ಉಸಿರು ಕಟ್ಟತಿತ್ತು" ಎಂದು ಬೇರೆ ಔಷಧ ಬರೆದರು. ಹೊರಗೆ ಬಂದ ಕಸ್ತೂರೆವ್ವ ಬಹಳ ಹೊತ್ತು ನೀಲವ್ವನ ಕೈ ಬಿಡಲಿಲ್ಲ.

ಏಳು ವರ್ಷ ದುಡಿದೆ. ಪಟ್ಟಿಯ ಅಂಟು ಸವೆಯಿತು, ಕೊಳವೆ ಬಿರಿಯಿತು. ಡಾಕ್ಟರು ತಮ್ಮ ಯಂತ್ರದ ಪಕ್ಕ ನನ್ನನ್ನಿಟ್ಟು ನೋಡಿದಾಗ ನಾನು ಇಪ್ಪತ್ತು ಕಡಿಮೆ ಹೇಳುತ್ತಿದ್ದೆ. ಖಾನಾವಳಿಗೆ ಹೊಸ ಯಂತ್ರ ಬಂತು.

"ಹಳೇದು ನನಗ ಕೊಡ್ರಿ ಅಕ್ಕಾರ, ನಮ್ಮವ್ವಗ ಆಗತೈತಿ" ಎಂದು ಗಿರಾಕಿಯೊಬ್ಬ ಕೇಳಿದ.

ಕಸ್ತೂರೆವ್ವ ನನ್ನ ಬೆನ್ನಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ಹೊರಗಿಟ್ಟಳು. "ಇಲ್ಲಪ್ಪಾ. ಸುಳ್ಳ ಹೇಳೂದನ್ನ ನಿಮ್ಮವ್ವಗ ಹ್ಯಾಂಗ ಕೊಡ್ಲಿ?"

ನನಗೆ ಬೇಸರವಾಗಲಿಲ್ಲ. ಈಗ ಹಿಟ್ಟಿನ ಡಬ್ಬಿಗಳ ಹಿಂದೆ ಇದ್ದೇನೆ. ಯಾರದೋ ತಾಯಿಯ ತೋಳಿಗೆ ಸುತ್ತಿಕೊಂಡು ತಪ್ಪು ಹೇಳುವುದಕ್ಕಿಂತ ಇಲ್ಲಿ ಮಾತಿಲ್ಲದೆ ಕೂತಿರುವುದೇ ಲೇಸು.