ನಾಲ್ಕನೆಯ ಬಟನ್

ನಾನು ವಯಸ್ಸಾದವರಿಗಾಗಿ ಮಾಡಿದ ಒಂದು ಫೋನು. ಅಂಗಡಿಯಲ್ಲಿ ಮಾರಾಟಕ್ಕೆ ಬಂದವನಲ್ಲ, ಅದಕ್ಕೂ ಮುಂಚಿನ ಮಾದರಿ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ, ಸುಹಾಸಿನಿ ಕುಬಸದ ಎಂಬ ವಿನ್ಯಾಸಕಿಯ ಮೇಜಿನ ಮೇಲೆ ಹುಟ್ಟಿದೆ. ಆಕೆ ಕೈಗೆ ದಪ್ಪ ಕೈಗವಸು ಹಾಕಿಕೊಂಡು, ಕನ್ನಡಕಕ್ಕೆ ಎಣ್ಣೆ ಸವರಿಕೊಂಡು ನನ್ನನ್ನು ಒತ್ತಿ ನೋಡುತ್ತಿದ್ದಳು. ವಯಸ್ಸಾದ ಬೆರಳು ಹೇಗೆ, ವಯಸ್ಸಾದ ಕಣ್ಣು ಹೇಗೆ ಎಂದು ತಿಳಿಯಲು ಅವಳಿಗೆ ಹೊಳೆದ ದಾರಿ ಅದು. ಎಷ್ಟೋ ಸಲ ಜಾರಿ ಬಿದ್ದೆ. ಪ್ರತಿ ಸಲವೂ ನನ್ನ ಮೈಯನ್ನು ಇನ್ನಷ್ಟು ಒರಟು ಮಾಡಿದಳು.

ಕೊನೆಗೆ ನನಗೆ ನಾಲ್ಕು ದೊಡ್ಡ ಬಟನ್‌ಗಳು ಬಂದವು. ಅಂಕಿಗಳಿಲ್ಲ. ಪ್ರತಿ ಬಟನ್ನಿನ ಪಾರದರ್ಶಕ ಮುಚ್ಚಳದ ಕೆಳಗೆ ಒಂದು ಫೋಟೋ ಸೇರಿಸಬಹುದು. ಅವರಿಂದ ಕರೆ ಬಂದಾಗ ಬಟನ್ ಒತ್ತಿ ಹಿಡಿದರೆ ಅವರ ನಂಬರು ಅದಕ್ಕೆ ಸೇರುತ್ತದೆ; ಆಮೇಲೆ ಮುಖ ಒತ್ತಿದರೆ ಅವರಿಗೆ ಕರೆ ಹೋಗುತ್ತದೆ. ಬೆನ್ನಿನ ಮೇಲೆ ಅಪಾಯಕ್ಕೆಂದು ಒಂದು ಕೆಂಪು ಬಟನ್.

ಕಂಪನಿಯ ಯಜಮಾನರಾದ ಪಟ್ಟಣಶೆಟ್ಟರು ಇನ್ನೊಂದು ಏರ್ಪಾಡು ಸೇರಿಸಿದರು. ಹಿರಿಯರು ಯಾರ ಜೊತೆ ಎಷ್ಟು ಹೊತ್ತು ಮಾತಾಡಿದರು ಎಂಬುದು ಮಕ್ಕಳ ಫೋನಿಗೆ ಸಂದೇಶವಾಗಿ ಹೋಗಬೇಕು. "ಫೋನ್ ಕೊಡಿಸೋರು ಮಕ್ಕಳು. ಅವರಿಗೆ ಸಮಾಧಾನ ಆಗಬೇಕಲ್ಲ?" ಎಂದರು. ಸುಹಾಸಿನಿಗೂ ಅದು ಒಳ್ಳೆಯದೆಂದೇ ಕಂಡಿತು.

ಪರೀಕ್ಷೆಗೆಂದು ನನ್ನನ್ನು ಧಾರವಾಡದ ದಾಕ್ಷಾಯಣಿ ಹೊಂಬಳ ಅವರ ಮನೆಗೆ ಕೊಟ್ಟರು. ಅವರು ನಿವೃತ್ತ ನರ್ಸ್. ಮಗ ಚನ್ನವೀರ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಮಗನೇ ಮೂರು ಬಟನ್‌ಗಳಿಗೆ ಫೋಟೋ ಹಾಕಿದ: ತಾನು, ಬೆಳಗಾವಿಯ ಅಕ್ಕ, ಡಾಕ್ಟರು. ನಾಲ್ಕನೆಯದು ಖಾಲಿ ಇತ್ತು. ಒಂದು ಮಧ್ಯಾಹ್ನ ದಾಕ್ಷಾಯಣಿ ತಾವೇ ಅದರಲ್ಲಿ ಒಂದು ಫೋಟೋ ಸೇರಿಸಿದರು.

ಅದು ರುದ್ರಮುನಿ ಅಂಗಡಿ ಎಂಬವರದು, ನಿವೃತ್ತ ಡ್ರಾಯಿಂಗ್ ಮಾಸ್ತರರು. ಮೊಣಕಾಲಿನ ವ್ಯಾಯಾಮಕ್ಕೆ ಹೋದಲ್ಲಿ ಇಬ್ಬರಿಗೂ ಪರಿಚಯ. ದಾಕ್ಷಾಯಣಿಯವರಿಗೆ ಕಣ್ಣಿನ ಆಪರೇಷನ್ ಆಗಿ ಓದುವುದು ಕಷ್ಟವಾಗಿತ್ತು. ಮಾಸ್ತರರು ಊಟವಾದ ಮೇಲೆ ಫೋನಿನಲ್ಲಿ ಪೇಪರ್ ಓದಿ ಹೇಳುತ್ತಿದ್ದರು. ಸುದ್ದಿ ಸ್ವಲ್ಪ, ನಗು ಹೆಚ್ಚು. ನನ್ನ ಮೈಗೆ ತಾಗಿದ ದಾಕ್ಷಾಯಣಿಯವರ ಕೆನ್ನೆ ನಗುವಾಗ ಬಿಸಿಯಾಗುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಚನ್ನವೀರ ಕೇಳಿದ: "ಅವ್ವಾ, ಯಾರು ಆ ಡ್ರಾಯಿಂಗ್ ಮಾಸ್ತರ? ದಿನಾ ಅಷ್ಟೊತ್ತು ಏನ್ ಮಾತಾಡ್ತಿ?"

"ನಿನಗ ಹೆಂಗ ಗೊತ್ತಾತು?"

"ನಿನ್ನ ಫೋನ್ ನನಗ ಮೆಸೇಜ್ ಕಳಸತೈತಿ. ನಂಬರ್ ನೋಡಿ ನಾನ ಫೋನ್ ಹಚ್ಚಿ ಕೇಳಿದೆ."

ಈ ಏರ್ಪಾಡಿನ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ದಾಕ್ಷಾಯಣಿ ತಟ್ಟೆಯಲ್ಲಿ ಕೈ ತೊಳೆದು ಎದ್ದರು. ನನ್ನನ್ನು ಆಫ್ ಮಾಡಿದರು.

ಮರುದಿನ ಅವರೇ ಬಸ್ ಹತ್ತಿ ಹುಬ್ಬಳ್ಳಿಗೆ ಬಂದು ನನ್ನನ್ನು ಸುಹಾಸಿನಿಯ ಮೇಜಿನ ಮೇಲಿಟ್ಟರು.

"ಭಾಳ ಚಲೋ ಮಾಡೀಯವಾ ತಂಗಿ. ಬಟನ್ ಕಾಣಸ್ತಾವ, ಗಂಟಿ ಕೇಳಸ್ತೈತಿ. ಆದ್ರ ಚಾಡಿ ಹೇಳತೈತಿ. ನನಗ ಬ್ಯಾಡ."

"ನಿಮ್ಮ ಕಾಳಜಿಗೇ ಮಾಡೀವ್ರಿ ಅಮ್ಮಾರ. ನಿಮಗೇನರ ಆದ್ರ ಮನ್ಯಾಗ ಗೊತ್ತಾಗಬೇಕಲ್ರಿ."

"ಬಿದ್ರ ಗೊತ್ತಾಗಲಿ. ನಕ್ಕಿದ್ದೂ ಗೊತ್ತಾಗಬೇಕೇನು?"

ಸುಹಾಸಿನಿ ನನ್ನನ್ನು ಕಂಪ್ಯೂಟರಿಗೆ ಜೋಡಿಸಿ, ಅವರೆದುರೇ ಆ ಏರ್ಪಾಡನ್ನು ಅಳಿಸಿದಳು. "ಈಗ ಒತ್ತಿ ನೋಡ್ರಿ" ಎಂದಳು.

ದಾಕ್ಷಾಯಣಿ ನಾಲ್ಕನೆಯ ಬಟನ್ ಒತ್ತಿದರು. ಆ ಕಡೆಯಿಂದ ಗಾಬರಿಯ ದನಿ: "ಸಿಸ್ಟರ್, ಎಲ್ಲಿ ಹೋಗಿದ್ರಿ? ನಿನ್ನಿ ಪೇಪರ್ ಹಂಗ ಇಟ್ಟೀನ್ರಿ."

ಪಟ್ಟಣಶೆಟ್ಟರು ರೇಗಿದರು. ಮಕ್ಕಳು ಬೇರೆ ಕಂಪನಿಯ ಫೋನು ಕೊಡಿಸುತ್ತಾರೆ ಎಂದರು. ಸುಹಾಸಿನಿ ಜಗಳಾಡಿದಳು, ಕೆಲಸ ಬಿಡುತ್ತೇನೆ ಎಂದಳು. ಕಡೆಗೆ, ಕೆಂಪು ಬಟನ್ ಒತ್ತಿದಾಗ ಮಾತ್ರ ಮನೆಗೆ ಸಂದೇಶ ಹೋಗಲಿ ಎಂದು ಒಪ್ಪಂದವಾಯಿತು. ಕೆಲವು ಮಕ್ಕಳು ನಿಜಕ್ಕೂ ಬೇರೆ ಫೋನು ಕೊಡಿಸಿದರು.

ನನ್ನನ್ನು ಮರಳಿ ಒಯ್ದ ದಾಕ್ಷಾಯಣಿ ಮನೆಯಲ್ಲಿ ಮಗನಿಗೆ ಹೇಳಿದ್ದು ಇಷ್ಟೇ: "ಕೇಳು, ಹೇಳತೀನಿ. ಕದ್ದು ನೋಡಬ್ಯಾಡ." ಚನ್ನವೀರ ಕೆಲವು ದಿನ ಮುಖ ಗಂಟು ಹಾಕಿಕೊಂಡಿದ್ದ. ಆಮೇಲೆ ಯುಗಾದಿಗೆ ಮಾಸ್ತರರನ್ನು ಊಟಕ್ಕೆ ಕರೆಯಲು ಅವನೇ ಹೋದ. ಮಾಸ್ತರರು ಹೋಳಿಗೆ ತಿನ್ನುತ್ತ ಸಂಕೋಚದಿಂದ ಒಂದು ಮಾತೂ ಆಡಲಿಲ್ಲ. ಮನೆಗೆ ಮರಳಿದ ಮೇಲೆ ಫೋನಿನಲ್ಲಿ ಎಲ್ಲವನ್ನೂ ಹೇಳಿದರು.

ಈಗ ನನ್ನ ಬ್ಯಾಟರಿ ಉಬ್ಬಿದೆ. ಕಂಪನಿಯ ಗಾಜಿನ ಕಪಾಟಿನಲ್ಲಿ ಇದ್ದೇನೆ. ಮೊನ್ನೆ ದಾಕ್ಷಾಯಣಿ ಹೊಸ ಫೋನು ಒಯ್ಯಲು ಬಂದಿದ್ದರು. ಕೂದಲು ಪೂರಾ ಬೆಳ್ಳಗಾಗಿದೆ, ಕೈಯಲ್ಲಿ ಕೋಲು. ಸುಹಾಸಿನಿ ಮೂರು ಫೋಟೋ ಸೇರಿಸಿ, "ನಾಲ್ಕನೇದಕ್ಕ ಯಾರ್ರಿ ಅಮ್ಮಾರ?" ಎಂದಳು.

"ಅದನ್ನ ನಾನ ಹಾಕ್ಕೋತೀನಿ. ನೀ ಆ ಕಡೆ ಮುಖ ಮಾಡು."

ಸುಹಾಸಿನಿ ನಗುತ್ತ ಕಿಟಕಿಯ ಕಡೆ ತಿರುಗಿದಳು. ಅವರು ಪರ್ಸಿನಿಂದ ಫೋಟೋ ತೆಗೆದರು. ಕಪಾಟಿನಿಂದ ನನಗೆ ಚೆನ್ನಾಗಿ ಕಾಣಿಸಿತು. ಯಾರದೆಂದು ಹೇಳುವುದಿಲ್ಲ.