ಕೊಡಿಮರಕ್ಕೆ ಬಿಟ್ಟ ಸಾಗುವಾನಿ

ತೋಡಾರಿನ ಕಮಲಾಕ್ಷ ಯಾರ ಮಾತಿಗೂ ಜಗ್ಗುವ ಜಾತಿಯಲ್ಲ. ಆದರೆ ಹೆಂಡತಿ ವಿನೋದಾಳ ಕಿಡ್ನಿ ಕೈಕೊಟ್ಟ ವರ್ಷ ಅಂಥವನೂ ಊರಿನ ದೈವಸ್ಥಾನದೆದುರು ಕೈಮುಗಿದು ನಿಂತು, ಗುಡ್ಡದ ಬದಿಯ ತನ್ನ ಸಾಗುವಾನಿಯನ್ನು ಕೊಡಿಮರಕ್ಕೆ ಬಿಡುತ್ತೇನೆಂದು ಹರಕೆ ಹೇಳಿದ. ಧ್ವಜ ಏರುವ ಕಂಬ ತನ್ನ ಮರದ್ದಾಗಲಿ, ಅವಳು ಉಳಿಯಲಿ, ಅಷ್ಟೇ. ಆಚಾರಿ ಬಂದು ಕಾಂಡಕ್ಕೆ ಹುರಿ ಸುತ್ತಿ ನೋಡಿದರು. ಇನ್ನೊಂದಿಷ್ಟು ದಪ್ಪವಾದರೆ ಸಾಕು, ದೈವಸ್ಥಾನದ ಜೀರ್ಣೋದ್ಧಾರದ ಹೊತ್ತಿಗೆ ಆದೀತು ಎಂದರು.

ದೈವಕ್ಕೆ ಬಿಟ್ಟ ಮರಕ್ಕೆ ಕಬ್ಬಿಣವನ್ನಾಗಲಿ ವಿಷವನ್ನಾಗಲಿ ತಾಗಿಸಬಾರದು ಎಂಬುದು ಆ ಊರಿನ ಕಟ್ಟು. ಮುಂದಿನ ಮಳೆಗಾಲ ಎಲೆ ಬಿಟ್ಟಿದ್ದೇ ತಡ, ಕಂಬಳಿಹುಳ ಮುತ್ತಿತು. ಮರದಡಿ ನಿಂತರೆ ಹಿಕ್ಕೆ ಉದುರುವ ಸದ್ದು ತುಂತುರು ಮಳೆಯಂತೆ ಕೇಳುತ್ತಿತ್ತು. ನೋಡನೋಡುತ್ತಲೇ ಎಲೆಗಳಲ್ಲಿ ನರ ಮಾತ್ರ ಉಳಿಯಿತು. ಬೇಲಿಯಾಚೆ ಸಾಗುವಾನಿ ಬೆಳೆಸಿದ್ದ ಅಬ್ದುಲ್ ಶುಕೂರ್, ತನ್ನ ಮರಗಳಿಗೆ ಮದ್ದು ಹೊಡೆಸುವಾಗ ಇದಕ್ಕೂ ಹೊಡೆಸುತ್ತೇನೆಂದ. ವಿನೋದಾ ಆಗಲಿ ಎಂದಳು. ಕಮಲಾಕ್ಷ ಇಬ್ಬರ ಮೇಲೂ ಹರಿಹಾಯ್ದ. ದೈವದ ಮರವನ್ನು ದೈವವೇ ನೋಡಿಕೊಳ್ಳುತ್ತದೆ, ನಿಮಗ್ಯಾಕೆ ಉಸಾಬರಿ ಎಂದ.

ಸ್ವಲ್ಪ ದಿನಕ್ಕೆ ಮರ ಮತ್ತೆ ಚಿಗುರಿತು. ನೋಡಿದೆಯಾ ಎಂದು ಅವಳನ್ನು ಕರೆದು ತೋರಿಸಿದ. ವರ್ಷ ವರ್ಷವೂ ಇದೇ ಆಯಿತು. ಹುಳ ತಿನ್ನುವುದು, ಮರ ಚಿಗುರುವುದು. ಮೂಡುಬಿದಿರೆಗೆ ಡಯಾಲಿಸಿಸ್‌ಗೆ ಹೊರಟಾಗಲೆಲ್ಲ ವಿನೋದಾ ಆ ಹಸಿರು ನೋಡಿಯೇ ಬಸ್ಸು ಹತ್ತುತ್ತಿದ್ದಳು. ಅಷ್ಟರಿಂದಲೇ ಅವಳಿಗೆ ಸೂಜಿಯ ನೋವು ಸಹ್ಯವಾಗುತ್ತಿತ್ತು. ಇದ್ದ ಕಸುವನ್ನೆಲ್ಲ ಮರ ಮತ್ತೆ ಮತ್ತೆ ಎಲೆ ಬಿಡಲಿಕ್ಕೇ ಸುರಿಯುತ್ತಿದೆ, ಕಾಂಡಕ್ಕೆ ಏನೂ ದಕ್ಕುತ್ತಿಲ್ಲ ಎಂಬುದು ಪಾಪ, ಇಬ್ಬರಿಗೂ ಹೊಳೆಯಲಿಲ್ಲ.

ಈ ವರ್ಷ ಜೀರ್ಣೋದ್ಧಾರ ನಿಶ್ಚಯವಾಗಿ, ದೈವಸ್ಥಾನ ನಡೆಸುವ ಗುತ್ತುಮನೆಯ ಹಿರಿಯರೊಂದಿಗೆ ಆಚಾರಿ ಮರ ನೋಡಲು ಬಂದರು. ಹುರಿ ಸುತ್ತಿದರು, ಬಿಚ್ಚಿದರು, ಮತ್ತೊಮ್ಮೆ ಸುತ್ತಿದರು.

"ಮರ ಬದುಕಿದೆ ಕಮಲಾಕ್ಷಣ್ಣ, ಬೆಳೆಯಲಿಲ್ಲ," ಎಂದರು. "ಹುಳ ಇದನ್ನು ಬೆಳೆಯಲಿಕ್ಕೆ ಬಿಡಲಿಲ್ಲ. ಕೊಡಿಮರಕ್ಕೆ ಇದು ಆಗ್ಲಿಕ್ಕಿಲ್ಲ."

ಬೇಲಿಯಾಚೆ ಶುಕೂರನ ಮರವೊಂದು ನೆಟ್ಟಗೆ ತುಂಬಿಕೊಂಡು ನಿಂತಿತ್ತು. ಹಿರಿಯರು ಅದನ್ನೇ ಕೇಳಿದರು. ಕೊಡುತ್ತೇನೆ, ಆದರೆ ವಿನೋದಕ್ಕನ ಹೆಸರಲ್ಲಿ ಒಪ್ಪಿಸಿ ಎಂದು ಶುಕೂರ್ ಬೇಡಿಕೊಂಡ. ಬೆಳೆಸಿದವರ ಹೆಸರಲ್ಲೇ ಒಪ್ಪಿಸುವುದು ಕ್ರಮ, ಅದನ್ನು ಮೀರುವ ಹಾಗಿಲ್ಲ ಎಂದರು ಹಿರಿಯರು. ಕಟ್ಟು ಮುರಿಯಬಾರದೆಂದು ಮದ್ದು ಬೇಡ ಎಂದವನು ಕಮಲಾಕ್ಷನೇ. ಈಗ ಯಾವ ಬಾಯಲ್ಲಿ ವಾದಿಸುವುದು?

ವಿನೋದಾ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೇರೆ ಮರ ನೆಡುವ, ಬೇರೆ ಹರಕೆ ಹೇಳುವ ಎಂದು ಅವನು ತೊದಲಿದ. ಅವಳು ದೂರಲಿಲ್ಲ. ಬೈದಿದ್ದರೂ ಅವನಿಗೆ ಹಗುರವಾಗುತ್ತಿತ್ತು.

"ನಾಳೆಯಿಂದ ಆಸ್ಪತ್ರೆಗೆ ನಾನು ಬರುವುದಿಲ್ಲ," ಎಂದಳು. "ನನಗೆ ಸಾಕಾಗಿದೆ."

ಗದರಿಸಬೇಕೆಂದು ಅವನು ಬಾಯಿ ತೆರೆದ. ಅಂಗಳದಲ್ಲಿ ಊರವರಿದ್ದಾರೆಂಬುದನ್ನೂ ಮರೆತು, ಅವಳ ಕಾಲ ಬಳಿ ಕುಸಿದು ಕುಳಿತು ಗಟ್ಟಿಯಾಗಿ ಅತ್ತ.