ಮೀಸಲು ನಾದ

ಸೇಡಂನ ಮಠಕ್ಕೆ ಹೊಂದಿಕೊಂಡ ಭಜನಾಮನೆಗೆ ಆ ದಿನ ಎರಡು ಪಿಯಾನೊ ಒಟ್ಟಿಗೇ ಬಂದವು. ಭಗವಂತ ಕೊಡುವಾಗ ಹಾಗೆಯೇ. ಕೈತುಂಬ ಕೊಟ್ಟು, ಆರಿಸಿಕೊಳ್ಳುವ ಕಷ್ಟವನ್ನೂ ಅದರ ಜೊತೆಗೇ ಕಳಿಸಿಬಿಡುತ್ತಾನೆ.

ಅಲ್ಲಿ ಮೊದಲಿದ್ದದ್ದು ಮರದ ಹಳೇ ಪಿಯಾನೊ. ಶಹಾಬಾದದಲ್ಲಿ ಕಾರಖಾನೆಯ ಕ್ಲಬ್ಬು ಮುಚ್ಚಿದಾಗ ಕಲ್ಲು ಸಾಗಿಸುವ ಲಾರಿಯಲ್ಲಿ, ಫರಸಿ ಕಲ್ಲುಗಳ ಮೇಲೆ ಹುಲ್ಲು ಹಾಸಿಸಿಕೊಂಡು ಬಂದಿತ್ತು. ಅದನ್ನು ಬಾರಿಸುತ್ತಿದ್ದವಳು ಧನಶ್ರೀ. ಆ ಕಾರಖಾನೆಯ ಕಾರಕೂನರೊಬ್ಬರ ಮಗಳು. ಕ್ಲಬ್ಬಿನ ಪಿಯಾನೊದ ಮೇಲೆಯೇ ಕಲಿತವಳು. ಕೊಟ್ಟ ಮನೆಯಲ್ಲಿ ಬಾರಿಸುವುದು ಬೇಡ ಎಂದರು. ಆ ಮನೆಯೇ ಬೇಡವೆಂದು ಹೊರಟು, ತಂದೆ ಇಲ್ಲದ್ದರಿಂದ ಸೇಡಂಗೆ ಅವರ ತಮ್ಮ, ಕಾಕಾ ಜಯತೀರ್ಥರಾಯರ ಮನೆಗೆ ಬಂದಳು. ಅಂದಿನಿಂದ ದಿನಾ ಸಂಜೆಯ ದೇವರನಾಮಕ್ಕೆ ಅವಳದೇ ಕೈ.

ರಾಯರು ಭಜನಾ ಮಂಡಳಿಯ ಹಿರಿಯರು. ಗಂಡನನ್ನು ಬಿಟ್ಟವಳು ಸ್ವಾಮಿಯ ವಿಗ್ರಹದ ಎದುರು ನಟ್ಟನಡುವೆ ಕೂಡುತ್ತಾಳೆಂದು ಜನ ಅವರ ಕಿವಿಯಲ್ಲಿ ಊದುತ್ತಿದ್ದರು. ರಾಯರು ಅವಳನ್ನು ಏಳಿಸಲೂ ಇಲ್ಲ, ಊದುವವರ ಬಾಯಿ ಮುಚ್ಚಿಸಲೂ ಇಲ್ಲ.

ಹೀಗಿರುವಾಗ ಹಳೇ ಪಿಯಾನೊದ ಒಳಗೆ ತಂತಿ ಬಡಿಯುವ ಸುತ್ತಿಗೆಗಳ ಉಣ್ಣೆಯನ್ನು ಇಲಿ ತಿಂದವು, ತಂತಿಗಳು ತುಕ್ಕು ಹಿಡಿದವು. ಶಹಾಬಾದದ ಕಲ್ಲಿನ ವ್ಯಾಪಾರಿ ಬಸವಂತರಾಯ ಹೊಸದನ್ನು ಸೇವೆಯಾಗಿ ಕೊಡುತ್ತೇನೆಂದ. ವಾಡಿಯಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ ಅಮೀರ್ ಅಲಿ ಹೈದರಾಬಾದಿನಿಂದ ಟೆಂಪೋದಲ್ಲಿ ಎರಡು ಡಿಜಿಟಲ್ ಪಿಯಾನೊ ತಂದಿಳಿಸಿದ. ಯಾವುದಾದರೂ ಒಂದು ಇಲ್ಲುಳಿಯಬೇಕು, ಇನ್ನೊಂದು ಸಂಜೆಯೊಳಗೆ ವಾಪಸು. ಅದು ಎರಡು ಸಾವಿರದ ಒಂಬತ್ತನೇ ಇಸವಿ. ಎರಡನೆಯದರಂಥ ಯಂತ್ರ ಆಗಷ್ಟೇ ಪೇಟೆಗೆ ಬಂದಿತ್ತು.

"ನೋಡ್ರಿ ರಾಯರ," ಎಂದು ಅಮೀರ್ ಅಲಿ ಮೊದಲನೆಯದರ ಬೆನ್ನು ತಟ್ಟಿದ. "ಇದರಾಗ ಅಸಲಿ ಪಿಯಾನೊದ ಆವಾಜ್ ತುಂಬ್ಯಾರ. ಎಲ್ಲೋ ದೂರದ ದೇಶದಾಗ ಒಬ್ಬ ಉಸ್ತಾದ್ ಕುಂತು ಒಂದೊಂದೇ ಸ್ವರ ಬಾರಿಸ್ಯಾನ, ಇವರು ರಿಕಾರ್ಡ್ ಮಾಡ್ಕೊಂಡಾರ. ತಬಲಾನೂ ಐತಿ, ತಾಳಾನೂ ಐತಿ. ಅಕ್ಕಾರು ಒಮ್ಮಿ ಬಾರಿಸಿ ಇಟ್ರಂದ್ರ ಮುಗೀತು, ಆಮ್ಯಾಲ ಗುಂಡಿ ಒತ್ತಿದ್ರ ಅದ ಬಾರಿಸ್ತದ."

"ಯಾರೂ ಕೂಡೋದ ಬ್ಯಾಡೇನು?" ರಾಯರ ಮುಖ ಅರಳಿತು.

"ನೀವು ಹಾಯಾಗಿ ತಾಳ ಹಾಕ್ರಿ."

ಧನಶ್ರೀಗೆ ತಿಳಿಯಿತು. ಈ ಯಂತ್ರ ಉಳಿದರೆ ಅವಳು ಒಮ್ಮೆ ಬಾರಿಸಿಟ್ಟು ಏಳಬೇಕು, ಮತ್ತೆ ಕೂಡುವ ಜಾಗವಿರುವುದಿಲ್ಲ. ಯಾರೂ ಅವಳನ್ನು ಏಳು ಎನ್ನಬೇಕಾಗಿಲ್ಲ.

"ಆ ಇನ್ನೊಂದು ಏನದ, ಅಮೀರ್ ಭಾಯ್?" ಎಂದಳು.

ಅಮೀರ್ ಅಲಿ ತಲೆ ಕೆರೆದುಕೊಂಡ. "ಅದು ಅಜೀಬ್ ಐತ್ರಿ ಅಕ್ಕಾರ. ಅದರಾಗ ಒಂದೂ ರಿಕಾರ್ಡ್ ಇಲ್ಲ. ತಂತಿ ಎಷ್ಟು ಉದ್ದ, ಸುತ್ತಿಗಿ ಎಷ್ಟು ಗಟ್ಟಿ, ಎಷ್ಟು ಜೋರ್ ಬಡದ್ರಿ, ಎಲ್ಲಾ ಅದು ಲೆಕ್ಕಾ ಹಾಕ್ತದ. ನೀವು ಮುಟ್ಟಿದ ಮ್ಯಾಲೇ ಆವಾಜ್ ಹುಟ್ತದ. ತಬಲಾ ಗಿಬಲಾ ಇಲ್ಲ. ಬಾರಿಸಿದ್ದು ಇಟ್ಕೊಳ್ಳಂಗೂ ಇಲ್ಲ."

"ಒಳಗ ತಂತಿ ಅವ?" ರಾಯರು ಕೇಳಿದರು.

"ಇಲ್ರಿ."

"ಸುತ್ತಿಗಿ?"

"ಅದೂ ಇಲ್ರಿ."

ರಾಯರು ಶಲ್ಯ ಸರಿಪಡಿಸಿಕೊಂಡರು. "ತಂತಿ ಇಲ್ಲ, ಸುತ್ತಿಗಿ ಇಲ್ಲ, ಇದ್ದಂಗ ತೋರಿಸ್ತದ! ಇದು ಬರೇ ಮಾಯಾ ಆತಲ್ಲೋ. ನಾವು ದ್ವೈತಿಗಳಪಾ. ಜಗತ್ತು ಸತ್ಯ ಅಂತ ಹೇಳೋ ಮಂದಿ. ಇಲ್ಲದ್ದನ್ನ ತಂದು ಸ್ವಾಮಿ ಮುಂದ ಇಡ್ಲಿಕ್ಕೆ ಆಗೂದಿಲ್ಲ. ಆ ರಿಕಾರ್ಡಿಂದು ಸತ್ಯ ಅದ. ಯಾರೋ ಖರೇನೇ ಬಾರಿಸ್ಯಾರ."

ಬಾಗಿಲಲ್ಲಿ ಹೂ ಕಟ್ಟುತ್ತ ಕುಳಿತಿದ್ದ ರಾಯರ ಹೆಂಡತಿ ಅನಸೂಯಾಬಾಯಿ ನಕ್ಕುಬಿಟ್ಟರು. "ಪಿಯಾನೊಕ್ಕೂ ಮತ ಹಚ್ಚಿದ್ರಿ! ಇನ್ನ ಶಂಖ-ಚಕ್ರದ ಮುದ್ರಾ ಒಂದು ಹಾಕಿಸಿಬಿಡ್ರಿ."

"ನೀ ಸುಮ್ನ ಹೂವು ಕಟ್ಟು."

ಧನಶ್ರೀ ಎದ್ದು ಮೊದಲನೆಯದರ ಮುಂದೆ ಕುಳಿತಳು. ಒಂದು ಸ್ವರ ಒತ್ತಿದಳು. ದುಂಡಗಿನ, ಮರದ ವಾಸನೆ ಬರುವಂಥ ದನಿ ಹೊರಟಿತು. ರಾಯರು ತಲೆದೂಗಿದರು. ಅವಳೂ ತಲೆದೂಗಿದಳು, ಚೆನ್ನಾಗಿದ್ದದ್ದನ್ನು ಚೆನ್ನಾಗಿಲ್ಲ ಎನ್ನುವುದು ಅವಳಿಗೆ ಬಾರದು. ಆಮೇಲೆ ಬೆರಳ ಕೆಳಗಿನ ಅದೇ ಸ್ವರದ ಮನೆಯನ್ನು ಮೆಲ್ಲಗೆ, ತುಸು ಜೋರಾಗಿ, ಮತ್ತೂ ಜೋರಾಗಿ ಒತ್ತುತ್ತ ಹೋದಳು. ದನಿ ಏರಿತು, ಆದರೆ ಮೆಟ್ಟಿಲು ಹತ್ತಿದಂತೆ. ಒಂದು ಕಡೆ ಥಟ್ಟನೆ ಬಣ್ಣ ಬದಲಾಗುತ್ತಿತ್ತು. ಕೊನೆಗೆ ಕೆಳಗಿನ ಷಡ್ಜದ ಮನೆಯನ್ನು ಸದ್ದಾಗದಂತೆ ಒತ್ತಿ ಹಿಡಿದು, ಮೇಲಿನ ಷಡ್ಜವನ್ನು ಬಡಿದು ಬಿಟ್ಟಳು. ಬೆರಳೆತ್ತಿದೊಡನೆ ಎಲ್ಲ ಮೌನ.

ಎರಡನೆಯದಕ್ಕೆ ಬಂದಳು. ಮೇಲಿನ ಸ್ವರಗಳಲ್ಲಿ ತುಸು ಗಾಜಿನ ಬಟ್ಟಲಿನ ಸದ್ದಿತ್ತು. "ಇದು ಅದರಷ್ಟು ಸಿಹಿ ಇಲ್ಲ," ಎಂದು ತಾನೇ ಒಪ್ಪಿಕೊಂಡಳು. ಒಂದು ಗುಂಡಿ ತಿರುಗಿಸಿ, ಇಲ್ಲದ ಸುತ್ತಿಗೆಯ ಉಣ್ಣೆಯನ್ನು ಮೆತ್ತಗೆ ಮಾಡಿದಳು. ಸದ್ದು ಕೊಂಚ ಹದಕ್ಕೆ ಬಂತು. ಮೆಲ್ಲಗೆ ಒತ್ತಿದ್ದು ಜೋರಿಗೆ ಹೋಗುವಾಗ ಮೆಟ್ಟಿಲಿರಲಿಲ್ಲ, ದಿಬ್ಬವೇರಿದ ಹಾಗಿತ್ತು. ಆಮೇಲೆ ಕೆಳಗಿನ ಷಡ್ಜವನ್ನು ಮೊದಲಿನಂತೆಯೇ ಸದ್ದಿಲ್ಲದೆ ಹಿಡಿದಳು. ಮೇಲಿನದನ್ನು ಬಡಿದು ಬಿಟ್ಟಳು.

ಬಿಟ್ಟ ಮೇಲೂ ಭಜನಾಮನೆಯಲ್ಲಿ ಏನೋ ಉಳಿದಿತ್ತು. ಬಡಿಯದ ತಂತಿ, ಬಡಿದ ತಂತಿಯ ಕರೆಗೆ ಓಗೊಟ್ಟು ತಂಬೂರಿಯ ಹಾಗೆ ಗುಂಯ್ಗುಡುತ್ತಿತ್ತು. ಅನಸೂಯಾಬಾಯಿಯ ಕೈಯಲ್ಲಿ ದಾರ ನಿಂತಿತು.

"ಯಾರು ಹಾಡಿದ್ರು?" ಎಂದರು.

"ಯಾರೂ ಇಲ್ಲ ಕಾಕೂ. ತಂತಿ ತಂತಿ ಮಾತಾಡಿದ್ವು."

"ಇಲ್ಲದ ತಂತಿ," ಎಂದರು ರಾಯರು, ಪಟ್ಟು ಬಿಡದೆ.

ಧನಶ್ರೀ ಅವರ ಕಡೆ ಪೂರಾ ತಿರುಗಿ ಕುಳಿತಳು. "ಕಾಕಾ, ನಿಮ್ಮನ್ನ ಒಂದು ಕೇಳ್ತೀನಿ. ನೈವೇದ್ಯದ ಅಡಗಿ ಮಾಡುವಾಗ ಕಾಕು ಉಪ್ಪು ನೋಡ್ತಾರೇನು?"

"ಛೇ! ಸ್ವಾಮಿಗಿಂತ ಮೊದಲು ನಾಲಿಗಿಗೆ ಹಚ್ಚಿದ್ರ ಅದು ಎಂಜಲು."

"ನಿನ್ನೆ ಏರಿಸಿದ ಹೂವು ಇವತ್ತು ಏರಿಸ್ತೀರೇನು?"

"ನಿರ್ಮಾಲ್ಯ ಮತ್ತ ಹೆಂಗ ಏರಿಸ್ತಾರ? ತಲಿ ಕೆಟ್ಟದೇನು ನಿನಗ?"

"ಹಂಗಾದ್ರ ಈ ರಿಕಾರ್ಡು?" ಅವಳ ಬೆರಳು ಮೊದಲನೆಯದನ್ನು ತೋರಿಸಿತು. "ಯಾರೋ ಎಲ್ಲೋ ಎಂದೋ ಬಾರಿಸಿದ್ದು. ಕೇಳಿ ಬಿಟ್ಟಿದ್ದು. ಅದನ್ನ ದಿನಾ ತೆಗದು ತೆಗದು ಸ್ವಾಮಿ ಮುಂದ ಇಡಬೇಕೇನು? ನಾ ಬಾರಿಸಿ ಇಟ್ಟದ್ದೂ ಮರುದಿನಕ್ಕ ನಿರ್ಮಾಲ್ಯನ. ಇದರಾಗ ಹಿಂದಿಂದು ಏನೂ ಇಲ್ಲ, ಮುಟ್ಟಿದಾಗೊಮ್ಮೆ ಹೊಸಾದು ಹುಟ್ತದ. ಮೀಸಲು ಯಾವುದು, ನೀವ ಹೇಳ್ರಿ."

ಮಡಿಯ ಮಾತಿಗೆ ಮಡಿಯವರು ಎದುರಾಡುವುದು ಹೇಗೆ?

"ಇಷ್ಟೆಲ್ಲಾ ನನ್ನ ಅಂಗಡ್ಯಾಗ ಯಾರೂ ಕೇಳಿದ್ದಿಲ್ರಿ," ಎಂದ ಅಮೀರ್ ಅಲಿ. "ಮಂದಿ ವಾರಂಟಿ ಕೇಳ್ತಾರ, ಬಸ್."

ರಾಯರು ನಗಲಿಲ್ಲ. ದನಿ ತಗ್ಗಿಸಿ, "ಧನೂ, ಮಂದಿ ಏನಂತಾರ ನಿನಗ ಗೊತ್ತದ. ಯಂತ್ರ ತಾನ ಬಾರಿಸಿದ್ರ ಯಾರಿಗೂ ನೋವಿಲ್ಲ. ನಿನಗೂ ಮರ್ಯಾದಿ ಉಳೀತದ," ಎಂದರು.

"ಹಂಗ ಹೇಳ್ರಿ. ಮಾಯಾ, ಸತ್ಯ ಅಂತ ಸುತ್ತ ಬಳಸಿ ಯಾಕ ಬಂದ್ರಿ?" ಅವಳ ದನಿ ಏರಲಿಲ್ಲ. "ನನ್ನ ಎಬ್ಬಿಸಬೇಕಂದ್ರ ನೀವ ಬಾಯಿಬಿಟ್ಟು ಏಳು ಅನ್ರಿ. ಗುಂಡಿ ಕಡಿಂದ ಅನಿಸಬ್ಯಾಡ್ರಿ."

ರಾಯರು ಸ್ವಾಮಿಯ ಕಡೆ ನೋಡಿದರು, ನೆಲ ನೋಡಿದರು. ಆ ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ಭಜನೆಯ ಹೊತ್ತಾಗಿತ್ತು. ಒಬ್ಬೊಬ್ಬರಾಗಿ ಜನ ಬಂದು ಚಾಪೆಯ ಮೇಲೆ ಕೂಡತೊಡಗಿದರು. ಅಮೀರ್ ಅಲಿ ಕೈ ಕೈ ಹಿಸುಕಿಕೊಂಡ. "ಯಾವುದು ಏರಿಸ್ಲಿ ರಾಯರ? ಟೆಂಪೋದವ ಹಾರನ್ ಹೊಡೀಲಿಕತ್ತಾನ."

"ಅದನ್ನ ಒಯ್ಯಿರಿ," ಎಂದಳು ಧನಶ್ರೀ, ಮೊದಲನೆಯದನ್ನು ತೋರಿಸಿ. "ಇದನ್ನ ಒಯ್ಯಬೇಕಂದ್ರ ನನ್ನನ್ನೂ ಕೂಡಿಸಿಕೊಂಡ ಒಯ್ಯಬೇಕಾಗ್ತದ." ಹಾಗೆಂದವಳೇ ಷಡ್ಜ ಹಿಡಿದು ಶುರು ಮಾಡಿಯೇಬಿಟ್ಟಳು.

ಅನಸೂಯಾಬಾಯಿ ಎದ್ದುಬಂದು ಅವಳ ಪಕ್ಕದಲ್ಲಿ, ನಟ್ಟನಡುವೆ ಕುಳಿತು ದನಿ ಎತ್ತಿದರು. ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಡು ಶುರುವಾದ ಮೇಲೆ ಹಾಡದೆ ಕೂಡುವುದು ಅವರಿಗೂ ಆಗಲಿಲ್ಲ. ಹೊರಗೆ ಟೆಂಪೋ ಒಂದನ್ನೇ ಹೊತ್ತು ವಾಡಿಯ ದಾರಿ ಹಿಡಿಯಿತು.

ಮಂಗಳಾರತಿಯಾದ ಮೇಲೆ ರಾಯರು ಹತ್ತಿರ ಬಂದು ನಿಂತರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ತಾನ ಬಾರಿಸೋದಲ್ಲ, ಇಟ್ಕೊಳ್ಳೋದೂ ಅಲ್ಲ. ನಾಳೆ ನೀ ಬರಲಿಲ್ಲಂದ್ರ ಇದೇನು ಮಾಡ್ತದ?"

"ಸುಮ್ಮನಿರ್ತದ ಕಾಕಾ," ಎಂದಳು ಧನಶ್ರೀ, ಪಿಯಾನೊಕ್ಕೆ ಬಟ್ಟೆ ಹೊದಿಸುತ್ತ. "ಅದಕ್ಕ ನಾ ಬರ್ತೀನಿ."